ಮನೆಯಲ್ಲೇ ಮಾಡಿದ ಅಕ್ವೇರಿಯಂ ತೂಗುದೀಪ: ವರ್ಷಗಟ್ಟಲೆ ಬಳಸಿದ ಮೇಲಿನ ಅನುಭವ

ನನ್ನ ಜಲಸಸ್ಯಗಳ ತೊಟ್ಟಿ ನಾಲ್ಕು ಅಡಿ ಉದ್ದ, ಅಗಲ ಆಳ ಎರಡೂ ಒಂದೂವರೆ ಅಡಿ. ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಅದರ ಮುಚ್ಚಳದೊಳಗೆ ಕೂಡಿಸಿದ್ದ ಟ್ಯೂಬ್ ದೀಪವನ್ನು ತೆಗೆದು, ಚಾವಣಿಯಿಂದ ಇಳಿಬಿಡುವ ಎಲ್‌ಇಡಿ ದೀಪವನ್ನು ನಾನೇ ತಯಾರಿಸಿ ಹಲವು ವರ್ಷಗಳಾದವು. ಇಷ್ಟು ಕಾಲ ದಿನವೂ ಉರಿಸಿದ ಮೇಲೆ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ವ್ಯಾಟ್ ಲೆಕ್ಕ ಎಲ್ಲ ದೀಪಕ್ಕೂ ಇರುತ್ತದೆ. ಬೇಕೆಂದಾಗ ಮೇಲೆತ್ತಿ, ಬೇಡವೆಂದಾಗ ಕೆಳಗಿಳಿಸುವ ಅನುಕೂಲ ಮಾತ್ರ ತೂಗುದೀಪಕ್ಕಷ್ಟೇ ಇದೆ, ಮತ್ತು ಗಿಡ ಬೆಳೆಸುವವರಿಗೆ ಬೇಕಾದದ್ದು ಅದೇ.

ನೀರಿಗೆ ಅಂಟಿದಂತೆ ಕೂತ ದೀಪದಲ್ಲಿ ನಡುಭಾಗಕ್ಕೆ ಬೆಳಕು ಸುರಿಯುತ್ತದೆ, ಮೂಲೆಗಳು ಕತ್ತಲಲ್ಲೇ ಉಳಿಯುತ್ತವೆ. ನಡುವಿನ ಗಾಜಿಗೆ ಹಸಿರು ಚುಕ್ಕೆ ಪಾಚಿ ಹತ್ತುತ್ತಿದ್ದರೆ, ಮೂಲೆಯ ವ್ಯಾಲಿಸ್ನೇರಿಯಾ ಗಿಡ ಸೊರಗುತ್ತಿರುತ್ತದೆ. ದೀಪವನ್ನು ನೀರಿನಿಂದ 30 ಸೆಂಟಿಮೀಟರ್ ಮೇಲೆತ್ತಿದಾಗ ಈ ಅಂತರ ಬಹುಮಟ್ಟಿಗೆ ಅಳಿಯಿತು. ಎತ್ತರಿಸಿದರೆ ಬೆಳಕು ಪೋಲಾಗುತ್ತದೆ ಎಂದು ಹಲವರು ಹೆದರುತ್ತಾರೆ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕಿಳಿಯುವ ನಿಯಮ ಚುಕ್ಕೆಯಂಥ ದೀಪಕ್ಕೆ ಸಲ್ಲುತ್ತದೆ. ತೊಟ್ಟಿಯ ಉದ್ದಕ್ಕೂ ಚಾಚಿದ ದೀಪದಲ್ಲಿ, ಇಷ್ಟು ಹತ್ತಿರದಲ್ಲಿ, ಇಳಿಕೆ ಅಷ್ಟು ಕಡಿದಾಗಿರುವುದಿಲ್ಲ. ಜೊತೆಗೆ, ಮೇಲಿನಿಂದ ನೀರಿನೊಳಗೆ ಹೊಕ್ಕ ಬೆಳಕು ಪಕ್ಕದ ಗಾಜಿಗೆ ಬಡಿದಾಗ ಅದರ ದೊಡ್ಡ ಪಾಲು ಹೊರಗೆ ಹೋಗದೆ ಒಳಕ್ಕೇ ಪ್ರತಿಫಲಿಸುತ್ತದೆ. ನಿಜವಾಗಿ ಪೋಲಾಗುವುದು ನೀರನ್ನು ಮುಟ್ಟುವ ಮೊದಲೇ ತೊಟ್ಟಿಯ ಅಂಚಿನಾಚೆ ಚೆಲ್ಲುವ ಬೆಳಕು. ಅದಕ್ಕೆ ದೀಪದ ಎರಡೂ ಉದ್ದ ಬದಿಗಳಲ್ಲಿ 4 ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಪಟ್ಟಿಯನ್ನು ಅಂಚಿನಂತೆ ಕೆಳಮುಖವಾಗಿ ಕೂಡಿಸಿದ್ದೇನೆ. ತೊಟ್ಟಿಯೆದುರು ಕೂತವರ ಕಣ್ಣಿಗೆ ದೀಪ ಚುಚ್ಚದಿರುವುದಕ್ಕೂ ಇದೇ ಕಾರಣ. ತೂಗುದೀಪ ಮಾಡುವವರು ಈ ಅಂಚನ್ನು ದಯವಿಟ್ಟು ಬಿಡಬೇಡಿ. ದಿನವೂ ಎದುರಿಗೆ ಕೂರುವಾಗ ಇದರಷ್ಟು ಉಪಕಾರ ಮಾಡುವ ಭಾಗ ಇನ್ನೊಂದಿಲ್ಲ.

ಕಟ್ಟುವ ಕೆಲಸ ಸರಳ. ಮರದ ಚೌಕಟ್ಟು ನೋಡಲು ಚೆನ್ನ, ಆದರೆ ಎಲ್‌ಇಡಿಗೆ ಶಾಖ ಹೀರುವ ಲೋಹ ಬೆನ್ನಿಗಿರಲೇಬೇಕು. ಎಲ್‌ಇಡಿ ತಾನು ಪಡೆದ ವಿದ್ಯುತ್ತಿನ ಗಣನೀಯ ಪಾಲನ್ನು ಶಾಖವಾಗಿಯೇ ಹೊರಹಾಕುತ್ತದೆ. ಆ ಶಾಖ ಬೆನ್ನಿನಿಂದ ಹೊರಗೆ ಹೋಗದಿದ್ದರೆ ಬೆಳಕೂ ಕುಂದುತ್ತದೆ, ಆಯುಷ್ಯವೂ ಕುಂದುತ್ತದೆ. ಹಾಗಾಗಿ 110 ಸೆಂಟಿಮೀಟರ್ ಉದ್ದದ ಆನೊಡೈಸ್ ಮಾಡಿದ (ಸವೆಯದಂತೆ ಮೇಲ್ಮೈ ಗಟ್ಟಿಗೊಳಿಸಿದ) ಅಲ್ಯೂಮಿನಿಯಂ ಚಾನೆಲ್ ತೆಗೆದುಕೊಂಡು, ಅದರ ಒಳಮೈಗೆ 24 ವೋಲ್ಟ್‌ನ ಎಲ್‌ಇಡಿ ಪಟ್ಟಿಗಳನ್ನು ನಾಲ್ಕು ಸಾಲಾಗಿ ಅಂಟಿಸಿದೆ. 12 ವೋಲ್ಟ್ ಪಟ್ಟಿ ಬೇಡವೆಂದದ್ದು ಉದ್ದನೆಯ ಸಾಲಿನ ಕೊನೆಯಲ್ಲಿ ವೋಲ್ಟೇಜ್ ಕುಸಿದು ಬೆಳಕು ಮಂಕಾಗುವುದರಿಂದ. ಒಟ್ಟು 60 ವ್ಯಾಟ್. ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್‌ಗಳಂಥ ಕಡಿಮೆ ಬೆಳಕು ಸಾಕಾಗುವ ಗಿಡಗಳಿಗೆ ಇದು ಧಾರಾಳ. ಎಲೆ ಕೆಂಪೇರಲು ಹೆಚ್ಚು ಬೆಳಕು ಬೇಡುವ ಗಿಡಗಳಿಗೆ ದೀಪವನ್ನು ಸ್ವಲ್ಪ ಕೆಳಗಿಳಿಸಬೇಕು, ಇಂಗಾಲದ ಡೈಆಕ್ಸೈಡ್ ಕೂಡ ಕೊಡಬೇಕು.

ಬಣ್ಣದ ವಿಷಯಕ್ಕೆ ಬಂದರೆ, ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕು ಸೂಸುವ ಚಿಪ್‌ನ ಮೇಲೆ, ಆ ಬೆಳಕಿನ ಒಂದು ಪಾಲನ್ನು ಹಳದಿಯಾಗಿಸುವ ಫಾಸ್ಫರ್ ಲೇಪ. ಈ ನೀಲಿ ಎಲ್‌ಇಡಿಗಾಗಿಯೇ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು. (ಜಲಸಸ್ಯಗಳ ತೊಟ್ಟಿಯನ್ನು ಕಲೆಯ ಮಟ್ಟಕ್ಕೆ ಏರಿಸಿದವರೂ ಜಪಾನಿನವರೇ ಆದ ಇನ್ನೊಬ್ಬ ಅಮಾನೊ, ತಕಾಶಿ ಅಮಾನೊ. ಮುಚ್ಚಳವಿಲ್ಲದ ತೊಟ್ಟಿ, ಮೇಲೆ ತೂಗುವ ದೀಪ ಎಂಬ ಚಿತ್ರ ಹವ್ಯಾಸಿಗಳ ಮನಸ್ಸಿನಲ್ಲಿ ಬೇರೂರಿರುವುದರಲ್ಲಿ ಅವರ ಪಾಲು ದೊಡ್ಡದು.) ಈ ರಚನೆಯಿಂದಾಗಿ ಬಿಳಿ ಎಲ್‌ಇಡಿಯಲ್ಲಿ ನೀಲಿ ಸಮೃದ್ಧ, ಗಾಢ ಕೆಂಪು ಕಡಿಮೆ. ಮೂರು ಸಾಲು 6500 ಕೆಲ್ವಿನ್ (ಹಗಲ ಬೆಳಕಿನಂಥ) ಬಿಳಿ ಇಟ್ಟು, ನಾಲ್ಕನೆಯ ಸಾಲಿನಲ್ಲಿ 660 ನ್ಯಾನೊಮೀಟರಿನ ಕೆಂಪು ಸೇರಿಸಿದೆ. ಗಿಡಗಳು ಆ ಕೆಂಪನ್ನು ಬಳಸಿಕೊಳ್ಳುವುದು ನಿಜ. ಆದರೂ ಕೆಂಪಿಲ್ಲದೆಯೇ ಹಸಿರು ಗಿಡಗಳು ಚೆನ್ನಾಗಿಯೇ ಬೆಳೆಯುತ್ತವೆ. ನನ್ನ ಮಟ್ಟಿಗೆ ಅದರ ದೊಡ್ಡ ಲಾಭ ರೊಟಾಲಾ ಗಿಡದ ತುದಿ ಎಲೆಗಳು, ಮೀನಿನ ಕೆಂಪು ಪಟ್ಟೆಗಳು ಕಣ್ಣಿಗೆ ಸೊಗಸಾಗಿ ಕಾಣುವುದು.

ತೂಗುಹಾಕಲು 1.5 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿಹಗ್ಗ ಬಳಸಿದೆ. ಚಾವಣಿಯಲ್ಲಿ ಎರಡು ಆಂಕರ್ ಹುಕ್ಕುಗಳು. ಒಂದೊಂದು ಹುಕ್ಕಿನಿಂದಲೂ ಎರಡೆರಡು ತಂತಿ ತ್ರಿಕೋನದಂತೆ ಅಗಲವಾಗಿ ಇಳಿದು ಚೌಕಟ್ಟಿನ ನಾಲ್ಕು ಮೂಲೆಗಳನ್ನು ಹಿಡಿಯುತ್ತವೆ. ನೇರವಾಗಿ ಇಳಿದ ಎರಡೇ ತಂತಿಯಾದರೆ ಫ್ಯಾನಿನ ಗಾಳಿಗೆ ದೀಪ ಹೊರಳುತ್ತದೆ, ತ್ರಿಕೋನದಲ್ಲಿ ಹಿಡಿದರೆ ಅಲುಗುವುದಿಲ್ಲ. ಒತ್ತಿದರೆ ಬಿಡುವ, ಬಿಟ್ಟರೆ ಕಚ್ಚುವ ಹಿಡಿಕೆಗಳು ತಂತಿಗೆ ಇರುವುದರಿಂದ ಎತ್ತರ ಬದಲಿಸಲು ಯಾವ ಉಪಕರಣವೂ ಬೇಕಿಲ್ಲ. ಹೊಸದಾಗಿ ನೆಟ್ಟ ದಿನಗಳಲ್ಲಿ ದೀಪ 40 ಸೆಂಟಿಮೀಟರ್ ಎತ್ತರದಲ್ಲಿ, ದಿನಕ್ಕೆ 6 ಗಂಟೆ. ಬೇರು ಹಿಡಿದ ಮೇಲೆ ನಿಧಾನವಾಗಿ 30ಕ್ಕೆ ಇಳಿಸಿ 8 ಗಂಟೆ. ಪಾಚಿ ತಲೆಯೆತ್ತಿತೆಂದರೆ ಮತ್ತೆ ಮೇಲೆ. ಕತ್ತರಿ ಹಿಡಿದು ಗಿಡ ಸವರುವ ದಿನ ದೀಪವನ್ನು ಇನ್ನೂ ಎತ್ತರಕ್ಕೆ ಸರಿಸಿ, ಎರಡೂ ತೋಳನ್ನು ನಿರಾಳವಾಗಿ ನೀರಿಗಿಳಿಸಿ ಕೆಲಸ ಮಾಡುತ್ತೇನೆ. ಮುಚ್ಚಳ ಎತ್ತಿ ಎಲ್ಲಿಡುವುದೆಂದು ಒದ್ದಾಡುವ ಕಷ್ಟವೇ ಇಲ್ಲ.

ವಿದ್ಯುತ್ತಿನ ವಿಷಯದಲ್ಲಿ ರಾಜಿಯ ಮಾತೇ ಬೇಡ. ಮನೆಯ ವಿದ್ಯುತ್ತನ್ನು 24 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್ ತೊಟ್ಟಿಯ ಮೇಲೆ ಇರಕೂಡದು, ಪಕ್ಕದಲ್ಲಿ ನೀರು ಸಿಡಿಯದ ಕಡೆ ಇರಬೇಕು. ನೀರಿನ ಮೇಲೆ ಹಾಯುವುದು ಕಡಿಮೆ ವೋಲ್ಟೇಜ್ ಮಾತ್ರ. ಪ್ರತಿಯೊಂದು ತಂತಿಯೂ ಪ್ಲಗ್‌ಗಿಂತ ಕೆಳಗಿಳಿದು ಮತ್ತೆ ಮೇಲೇರಬೇಕು, ಆಗ ತಂತಿಗುಂಟ ಹರಿದ ಹನಿ ಆ ಬಾಗಿನಲ್ಲೇ ಕೆಳಗೆ ಉದುರುತ್ತದೆ, ಪ್ಲಗ್ಗಿಗೆ ಮುಟ್ಟುವುದಿಲ್ಲ. ದೀಪಕ್ಕೆ ಬರುವ ವಿದ್ಯುತ್ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು. ಅದಿಲ್ಲದ ಮನೆಯಲ್ಲಿ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ದೀಪದ ಕೆಲಸ ಆಮೇಲೆ.

ಇಷ್ಟು ವರ್ಷಗಳಲ್ಲಿ ಯಾವುದು ಬಾಳಿತು, ಯಾವುದು ಸೋತಿತು? ಅಲ್ಯೂಮಿನಿಯಂ ಚಾನೆಲ್ ಹೊಸದರಂತೆಯೇ ಇದೆ, ತಂತಿಹಗ್ಗವೂ ಹಾಗೆಯೇ. ಮೊದಲು ಸೋತದ್ದು ಎಲ್‌ಇಡಿ ಪಟ್ಟಿಯ ಹಿಂದಿನ ಅಂಟು. ನೀರಿನ ಆವಿಗೂ ಶಾಖಕ್ಕೂ ಸಿಕ್ಕಿ ಪಟ್ಟಿಯ ತುದಿ ಸಣ್ಣಗೆ ಬಾಗಿ ಲೋಹದಿಂದ ಬೇರ್ಪಟ್ಟಿತು, ಹಾಗೆ ಬೇರ್ಪಟ್ಟ ಕಡೆಯೇ ಎಲ್‌ಇಡಿಗಳು ಬೇಗ ಮಂಕಾದವು. ಶಾಖ ಸಾಗಿಸುವ ಅಂಟಿನಿಂದ ಮತ್ತೆ ಕೂರಿಸಿ, ತುದಿಗಳಿಗೆ ಕ್ಲಿಪ್ ಹಾಕಿದ ಮೇಲೆ ತೊಂದರೆ ಬಂದಿಲ್ಲ. ಜಲನಿರೋಧಕ ಪಟ್ಟಿಯ ಮೇಲಿನ ಪಾರದರ್ಶಕ ಲೇಪ ಹಳದಿಗೆ ತಿರುಗಿತು, ಬೆಳಕಿನ ಬಣ್ಣವನ್ನೂ ತನ್ನೊಡನೆ ಎಳೆದುಕೊಂಡಿತು. ಎರಡನೆಯ ಬಾರಿ ಲೇಪವಿಲ್ಲದ ಪಟ್ಟಿ ಹಾಕಿ, ಕೆಳಗೆ ಅಕ್ರಿಲಿಕ್ ಹಾಳೆಯನ್ನು ಮುಚ್ಚಿ, ಅಂಚುಗಳನ್ನು ಸಿಲಿಕೋನ್‌ನಿಂದ ಬಿಗಿ ಮಾಡಿದೆ. ಇದು ಎಷ್ಟೋ ಉತ್ತಮ. ಅಕ್ರಿಲಿಕ್ ಮೇಲೆ ಗಡಸು ನೀರಿನ ಬಿಳಿ ಕಲೆ ಕೂರುತ್ತದೆ, ದೀಪ ಆರಿಸಿ ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಎಸ್‌ಎಂಪಿಎಸ್ ಒಮ್ಮೆ ಕೈಕೊಟ್ಟಿತು. ಪೂರ್ತಿ ಹೊರೆಯಲ್ಲಿ ಬಿಡದೆ ದುಡಿಯುವಾಗ ಒಳಗಿನ ಕೆಪಾಸಿಟರ್‌ಗಳು ಶಾಖಕ್ಕೆ ಬೇಗ ಸೊರಗುತ್ತವೆ. ಈಗಿರುವುದು 100 ವ್ಯಾಟಿನದು, 60 ವ್ಯಾಟನ್ನು ಹೊತ್ತು ತಣ್ಣಗೆ ನಡೆಯುತ್ತಿದೆ.

ಒಂದು ಕೊರತೆಯನ್ನು ಹೇಳಲೇಬೇಕು. ಬಿಸಿಲಿನಲ್ಲಿ ಕೆರೆಯ ತಳದ ಮೇಲೆ ಓಡಾಡುವ ಬೆಳಕಿನ ಜಾಲವನ್ನು ನೀವು ನೋಡಿರುತ್ತೀರಿ. ಪುಟ್ಟ ಎಲ್‌ಇಡಿಗಳ ಉದ್ದನೆಯ ಸಾಲಿನಿಂದ ಅದು ಮೂಡುವುದಿಲ್ಲ, ಬೆಳಕು ಎಲ್ಲ ಕಡೆಯಿಂದ ಬಂದು ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಆಮೇಲೆ ಚೌಕಟ್ಟಿನ ನಡುವೆ 3 ವ್ಯಾಟಿನ ಎರಡು ಬಿಡಿ ಎಲ್‌ಇಡಿಗಳನ್ನು ಸೇರಿಸಿದೆ. ಮರಳಿನ ಮೇಲೆ ಗೆರೆಗಳು ತೇಲತೊಡಗಿದವು, ಮಂದವಾಗಿ.

ತೆರೆದ ತೊಟ್ಟಿಗೆ ಬೇರೆಯದೇ ಆದ ಆರೈಕೆ ಬೇಕು. ನೀರು ಬೇಗ ಆವಿಯಾಗುತ್ತದೆ, ಲವಣ ಮಾತ್ರ ಒಳಗೇ ಉಳಿಯುತ್ತದೆ. ಕಡಿಮೆಯಾದಷ್ಟನ್ನೂ ಗಡಸು ನೀರಿನಿಂದಲೇ ತುಂಬುತ್ತಾ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಕುಂದಿದ್ದನ್ನು ತುಂಬಲು ಲವಣ ತೆಗೆದ ಆರ್‌ಒ ನೀರು ಸರಿ, ವಾರದ ನೀರು ಬದಲಾವಣೆ ಎಂದಿನಂತೆ ನಡೆಯಲಿ. ಹ್ಯಾಚೆಟ್‌ನಂಥ ನೆಗೆಯುವ ಮೀನುಗಳನ್ನು ಇಂಥ ತೊಟ್ಟಿಗೆ ತರಬೇಡಿ. ನೀರಿನ ಮಟ್ಟವನ್ನು ಅಂಚಿಗಿಂತ ಕೆಳಗಿಟ್ಟು, ತೇಲುವ ಸಾಲ್ವಿನಿಯಾ ಸ್ವಲ್ಪ ಬಿಟ್ಟರೆ ಉಳಿದ ಮೀನುಗಳೂ ಶಾಂತವಾಗಿರುತ್ತವೆ. ಇದಕ್ಕೆ ಪ್ರತಿಯಾಗಿ ಸಿಗುವ ಸಂತೋಷ ದೊಡ್ಡದು: ಹೈಗ್ರೊಫಿಲಾ ಗಿಡ ನೀರನ್ನು ದಾಟಿ ಗಾಳಿಯಲ್ಲಿ ಎಲೆ ಬಿಡುತ್ತದೆ, ಅಲ್ಲಿ ಅದರ ಎಲೆಯ ಆಕಾರವೇ ಬೇರೆ. ಮುಚ್ಚಳದ ಕೆಳಗೆ ಅದಕ್ಕೆ ಜಾಗವೇ ಇರಲಿಲ್ಲ.

ಸಮುದ್ರದ ನೀರಿನ ತೊಟ್ಟಿ ಇರುವವರು ಈ ದೀಪವನ್ನು ಇದ್ದಂತೆಯೇ ನಕಲು ಮಾಡಬೇಡಿ. ಉಪ್ಪಿನ ತುಂತುರಿಗೆ 304 ದರ್ಜೆಯ ಸ್ಟೀಲ್ ಸಾಲದು, ತಂತಿ ಸ್ಕ್ರೂ ಎರಡೂ 316 ದರ್ಜೆಯವಾಗಿರಲಿ. ಹವಳಗಳಿಗೆ ಬೇಕಾದ ನೀಲಿ ಪ್ರಧಾನವಾದ ತೀವ್ರ ಬೆಳಕನ್ನು ಇಂಥ ಪಟ್ಟಿಗಳು ಕೊಡಲಾರವು. ಅದಕ್ಕೆ ಹೆಚ್ಚು ಶಕ್ತಿಯ ಬಿಡಿ ಎಲ್‌ಇಡಿಗಳು, ರೆಕ್ಕೆಗಳಿರುವ ದಪ್ಪನೆಯ ಹೀಟ್‌ಸಿಂಕ್ ಬೇಕು, ಅಂಥ ಭಾರವನ್ನು ಹೊರಬಲ್ಲ ಹುಕ್ಕುಗಳನ್ನು ಚಾವಣಿಯಲ್ಲಿ ಮೊದಲೇ ಕೂರಿಸಬೇಕು.