ಡ್ಯುಯಲ್ ಬೂಟ್‌ಗೆ ರೀಫೈಂಡ್: ಕೆಲವು ಮಳೆಗಾಲ ಬಳಸಿದ ಮೇಲೆ

ನಾಪೋಕ್ಲು ಕಡೆ ನಮ್ಮ ಕಾಫಿ ತೋಟದ ಆಫೀಸಿನಲ್ಲಿ ಇರುವುದು ಒಂದೇ ಡೆಸ್ಕ್‌ಟಾಪ್. ತೋಟದ ಗುಮಾಸ್ತರಾದ ರೈಟರ್ ಚೆಕ್‌ರೋಲ್ (ಕೆಲಸಗಾರರ ಹಾಜರಿ), ಸಂಬಳದ ಲೆಕ್ಕ ಎಲ್ಲ ವಿಂಡೋಸ್‌ನಲ್ಲಿ ಮಾಡುತ್ತಾರೆ. ನನ್ನ ಕೆಲಸ ಉಬುಂಟು ಲಿನಕ್ಸ್‌ನಲ್ಲಿ. ಹೀಗೆ ಒಂದೇ ಕಂಪ್ಯೂಟರಿನಲ್ಲಿ ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್) ಇಡುವುದೇ ಡ್ಯುಯಲ್ ಬೂಟ್. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುವ ಬೂಟ್ ಮೆನುವಿಗೆ ರೀಫೈಂಡ್ ಹಾಕಿ ಕೆಲವು ಮಳೆಗಾಲ ಕಳೆದಿವೆ. ಬಹಳ ಒಳ್ಳೆಯ ಸಾಫ್ಟ್‌ವೇರ್.

ಉಬುಂಟು ಜೊತೆಗೇ ಬರುವ ಬೂಟ್ ಮೆನು ಗ್ರಬ್ ಕೆಟ್ಟದ್ದೇನಲ್ಲ. ಆದರೆ ಅದರ ಮೆನು ಮೊದಲೇ ಬರೆದಿಟ್ಟ ಪಟ್ಟಿ. 2.06 ಆವೃತ್ತಿಯಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಕೂಡ ಡೀಫಾಲ್ಟ್ ಆಗಿ ಆಫ್. ವಿಂಡೋಸ್ ಕಾಣದಿದ್ದರೆ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡಿ, ಅಪ್‌ಡೇಟ್-ಗ್ರಬ್ ಓಡಿಸಬೇಕು. ರೀಫೈಂಡ್ ಹಾಗಲ್ಲ. ಆನ್ ಮಾಡಿದಾಗಲೆಲ್ಲ ಡಿಸ್ಕ್ ಹುಡುಕಿ, ಸಿಕ್ಕಿದ್ದನ್ನು ಐಕಾನ್ ಮಾಡಿ ತೋರಿಸುತ್ತದೆ. ಮೊದಮೊದಲು ಬೇಡದ ಐಕಾನ್‌ಗಳೂ ಬರುತ್ತವೆ. ಅದರ ಮೇಲೆ ನಿಂತು ಡಿಲೀಟ್ ಒತ್ತಿದರೆ ಮರೆಯಾಗುತ್ತದೆ, ಫೈಲ್ ಅಳಿಯುವುದಿಲ್ಲ. ಕಾನ್ಫಿಗ್ ಫೈಲಿನ ಡೀಫಾಲ್ಟ್ ಸೆಲೆಕ್ಷನ್ ಸಾಲಿನಲ್ಲಿ ಮೈಕ್ರೋಸಾಫ್ಟ್ ಅಂತ, ಟೈಮ್‌ಔಟ್ 10 ಅಂತ ಬರೆದಿದ್ದೇನೆ. ರೈಟರ್ ಏನೂ ಮುಟ್ಟಬೇಕಾಗಿಲ್ಲ, ಹತ್ತು ಸೆಕೆಂಡಿಗೆ ವಿಂಡೋಸ್ ತೆರೆಯುತ್ತದೆ.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಇಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಒಮ್ಮೆ ಕರೆಂಟ್ ಬಂದ ಮೇಲೆ ರೈಟರ್ ಫೋನ್ ಮಾಡಿದರು. "ಅಣ್ಣಾ, ಐಕಾನ್ ಸ್ಕ್ರೀನೇ ಬರ್ತಾ ಇಲ್ಲ, ಸೀದಾ ವಿಂಡೋಸ್‌ಗೆ ಹೋಗ್ತದೆ. ತಾರೀಕೂ ಯಾವುದೋ ಹಳೇದು ಉಂಟು." ಈ ತಾರೀಕಿನ ಮಾತೇ ಸುಳಿವು. ಕರೆಂಟ್ ಇಲ್ಲದಾಗ ತಾರೀಕು ಉಳಿಸುವ ಮದರ್‌ಬೋರ್ಡಿನ ಸಿಆರ್ 2032 ಸೆಲ್ ಮುಗಿದಿತ್ತು. ಅದರ ಜೊತೆ ಬೂಟ್ ಆರ್ಡರ್, ಅಂದರೆ ಯಾವುದು ಮೊದಲು ತೆರೆಯಬೇಕು ಅನ್ನುವ ಕ್ರಮ ಕೂಡ ಬದಲಾಗಿತ್ತು. ಅಂಗಡಿಯವರೊಬ್ಬರು ಫಾರ್ಮ್ಯಾಟ್ ಮಾಡೋಣ ಅಂದರು. ದಯವಿಟ್ಟು ಅದಕ್ಕೆ ಒಪ್ಪಬೇಡಿ! ರೀಫೈಂಡ್ ಫೈಲುಗಳು ಇಎಫ್‌ಐ ಪಾರ್ಟಿಷನ್‌ನಲ್ಲಿ (ಡಿಸ್ಕಿನಲ್ಲಿ ಬೂಟ್ ಫೈಲುಗಳಿಗೆ ಇಟ್ಟ ಭಾಗ) ಹಾಗೇ ಇರುತ್ತವೆ, ಮೊದಲು ಯಾರನ್ನು ಕರೆಯಬೇಕು ಅನ್ನುವುದಷ್ಟೇ ತಪ್ಪಿರುತ್ತದೆ. ಹೊಸ ಸೆಲ್ ಹಾಕಿ, ತಾರೀಕು ಸರಿಮಾಡಿ, ಬಯೋಸ್‌ನ ಬೂಟ್ ಮೆನುವಿನಿಂದ ಉಬುಂಟುವಿಗೆ ಹೋದೆ. ಟರ್ಮಿನಲ್‌ನಲ್ಲಿ 'ಸುಡೋ ರೀಫೈಂಡ್-ಎಂಕೆಡೀಫಾಲ್ಟ್' (sudo refind-mkdefault), ಒಂದೇ ಕಮಾಂಡ್. ರೀಬೂಟ್ ಮಾಡಿದಾಗ ಐಕಾನ್‌ಗಳು ವಾಪಸ್. ಸಂಬಳದ ಲೆಕ್ಕಕ್ಕೆ ಏನೂ ಆಗಲಿಲ್ಲ. ಯಾವುದೋ ದೊಡ್ಡ ಅಪ್‌ಡೇಟ್ ಆಗಿ ಆರ್ಡರ್ ಬದಲಾದರೂ ಇದೇ ಕಮಾಂಡ್ ಸಾಕು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ನಂಬಿಕೆಯ ಸಹಿ ಇಲ್ಲದ ಬೂಟ್ ಸಾಫ್ಟ್‌ವೇರ್ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಕೀ ಸೇರಿಸುವ ಕೆಲಸ ಜಾಸ್ತಿ, ಹೊಸಬರಿಗೆ ತಲೆನೋವು. ವಿಂಡೋಸ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಬೂಟ್ ಸೆಟ್ಟಿಂಗ್ ಮುಟ್ಟುವ ಮೊದಲೇ ರಿಕವರಿ ಕೀ ಬರೆದಿಟ್ಟುಕೊಳ್ಳಿ. ರೀಫೈಂಡ್‌ಗೆ ಬೇಕಾದ ಯುಇಎಫ್‌ಐ (ಹೊಸ ಬಗೆಯ ಬಯೋಸ್) ಇಲ್ಲದ ಹಳೇ ಕಂಪ್ಯೂಟರ್ ಆದರೆ ಗ್ರಬ್ಬೇ ಇರಲಿ.