ಬೆಕ್ಕಿಗೆ ಆಪರೇಷನ್ ಆದಮೇಲೆ ಕೋನ್ ಹಾಕಬೇಕಾ, ಅಂಗಿ ತೊಡಿಸಬೇಕಾ?

ಹೊಲಿಗೆ ಹೊಟ್ಟೆಯ ಮೇಲೋ ಪಕ್ಕೆಯ ಮೇಲೋ ಇದ್ದರೆ ನನ್ನ ಓಟು ಅಂಗಿಗೆ. ಅದೂ ಅಂಗಡಿಯದ್ದಲ್ಲ, ಹಳೇ ಬನಿಯನ್ ಬಟ್ಟೆಯಲ್ಲಿ ಮನೆಯಲ್ಲೇ ಮಾಡಿದ್ದು. ಹಾಗಂತ ಡಾಕ್ಟರು ಕೊಟ್ಟ ಕೋನನ್ನು, ಅಂದರೆ ಬೆಕ್ಕು ಗಾಯ ನೆಕ್ಕದಂತೆ ಕತ್ತಿನ ಸುತ್ತ ಹಾಕುವ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿಯನ್ನು, ಎಸೆಯಬೇಡಿ.

ನಮ್ಮ ಮನೆ ಶಿವಮೊಗ್ಗದಲ್ಲಿ. ಬೆಕ್ಕುಗಳು ಮೂರು. ಚುಕ್ಕಿ, ಬೂದಿ ಇಬ್ಬರಿಗೂ ಗರ್ಭಕೋಶ ತೆಗೆಯುವ ಆಪರೇಷನ್ ಆಗಿದೆ. ಚುಕ್ಕಿಗೆ ಹೊಟ್ಟೆಯ ನಡುವೆ ಕೊಯ್ದಿದ್ದರು, ಬೂದಿಗೆ ಎಡ ಪಕ್ಕೆಯಲ್ಲಿ. ಎರಡೂ ರೂಢಿಯಲ್ಲಿರುವುದೇ. ಮೂರನೆಯವನು ಕರಿಯ, ಅವನ ವಿಷಯ ಬೇರೆ.

ಇಷ್ಟೆಲ್ಲ ತಲೆಬಿಸಿ ಯಾಕೆ? ಸುಮ್ನೆ ಬಿಟ್ಟುಬಿಡಿ, ನೆಕ್ಕಿದರೆ ಗಾಯ ತಾನಾಗಿ ಮಾಯುತ್ತದೆ ಅಂತ ನಮ್ಮತ್ತೆ ಹೇಳಿದ್ದರು. ಹೊಲಿಗೆ ಹಾಕಿದ ಗಾಯಕ್ಕೆ ಈ ಮಾತು ನಡೆಯುವುದಿಲ್ಲ. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಾ? ಅದರ ತುಂಬ ಗಂಟಲ ಕಡೆಗೆ ಬಾಗಿದ ಗಟ್ಟಿ ಮುಳ್ಳುಗಳು. ಆ ಮುಳ್ಳಿನ ತುದಿ ಚಮಚದ ಹಾಗೆ ಟೊಳ್ಳು, ಅದರಲ್ಲಿ ಎಂಜಲು ತುಂಬಿಕೊಂಡು ಕೂದಲಿನ ಬುಡದವರೆಗೂ ಹೋಗುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಮೈ ಚೊಕ್ಕ ಮಾಡಿಕೊಳ್ಳಲು ಎಷ್ಟು ಒಳ್ಳೆಯ ಏರ್ಪಾಡೋ ಹಸಿ ಗಾಯಕ್ಕೆ ಅಷ್ಟೇ ಕೆಟ್ಟದ್ದು. ದಾರ ಸಡಿಲವಾಗುತ್ತದೆ, ಬಾಯಿಯ ಕ್ರಿಮಿಗಳು ಒಳಗೆ ಇಳಿಯುತ್ತವೆ. ಚರ್ಮ ಕೂಡಿಕೊಳ್ಳಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಅಷ್ಟು ದಿನ ನಾಲಿಗೆಯನ್ನು ದೂರ ಇಡಬೇಕು, ಕೆಲಸ ಅಷ್ಟೇ.

ಪ್ಲಾಸ್ಟಿಕ್ ಕೋನ್ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅಂಚು ಮೂಗಿಗಿಂತ ಸ್ವಲ್ಪ ಮುಂದಕ್ಕೆ ಚಾಚಿರಬೇಕು, ಇಲ್ಲದಿದ್ದರೆ ಕತ್ತು ತಿರುಗಿಸಿ ಗಾಯ ಮುಟ್ಟಿಬಿಡುತ್ತದೆ. ಗಾಯಕ್ಕೆ ಗಾಳಿ ಆಡುತ್ತದೆ, ಎದುರಿಗೇ ಕಾಣುತ್ತದೆ. ಆದರೆ ಚುಕ್ಕಿಯ ಪಾಡು ನೋಡಲಾಗಲಿಲ್ಲ. ಪಕ್ಕಕ್ಕೆ ಏನೂ ಕಾಣದೆ ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆಯುತ್ತಿದ್ದಳು. ಮೀಸೆಗೆ ಸದಾ ಪ್ಲಾಸ್ಟಿಕ್ ತಾಗುತ್ತಿತ್ತು. ಬಟ್ಟಲಿನ ಅಂಚಿಗೆ ಕೋನ್ ತಡೆದು ಬಾಯಿ ಅನ್ನಕ್ಕೆ ಎಟುಕುತ್ತಿರಲಿಲ್ಲ. ಇದಕ್ಕೆ ಉಪಾಯ ಸುಲಭ, ಚಪ್ಪಟೆ ತಟ್ಟೆಯಲ್ಲಿ ಹಾಕಿ ತಟ್ಟೆಯನ್ನು ಒಂದು ಪುಸ್ತಕದ ಮೇಲಿಡಿ. ಲಿಟ್ಟರ್ ಬಾಕ್ಸಿಗೆ, ಅಂದರೆ ಬೆಕ್ಕು ಮಲ ಮೂತ್ರಕ್ಕೆ ಹೋಗುವ ಮರಳಿನ ಡಬ್ಬಿಗೆ, ಮಾತ್ರ ಉಪಾಯವೇ ಇಲ್ಲ. ಮರಳೆಲ್ಲ ಕೋನಿನೊಳಗೆ, ಆಮೇಲೆ ಮನೆಯೊಳಗೆ.

ನನಗೆ ಮೊದಲು ಹೊಳೆಯದೇ ಇದ್ದ ಇನ್ನೊಂದು ವಿಷಯ ಇದೆ. ಕೋನ್ ಹಾಕಿಕೊಂಡ ಬೆಕ್ಕು ತನ್ನ ಗಾಯ ನೆಕ್ಕುವುದಿಲ್ಲ, ಸರಿ. ಪಕ್ಕದಲ್ಲಿ ಮಲಗುವ ಇನ್ನೊಂದು ಬೆಕ್ಕು? ಬೂದಿ ಪ್ರೀತಿಯಿಂದ ಬಂದು ಚುಕ್ಕಿಯ ಹೊಟ್ಟೆ ನೆಕ್ಕಲು ಶುರು ಮಾಡಿದಳು. ಹಿಂಗಾಲಿನಿಂದ ಪಕ್ಕೆ ಕೆರೆದುಕೊಳ್ಳುವುದನ್ನೂ ಕೋನ್ ತಡೆಯುವುದಿಲ್ಲ. ಒಂದಕ್ಕಿಂತ ಜಾಸ್ತಿ ಬೆಕ್ಕಿರುವ ಮನೆಯಲ್ಲಿ ಅಂಗಿ ಗೆಲ್ಲುವುದು ಇಲ್ಲೇ.

ಗಾಳಿ ತುಂಬಿ ಕತ್ತಿಗೆ ಹಾಕುವ ದುಂಡನೆಯ ಕಾಲರ್ ನೋಡಲು ಮುದ್ದಾಗಿದೆ, ಕೆಲಸಕ್ಕೆ ಬಾರದು. ಬೆಕ್ಕಿನ ಬೆನ್ನು ಬಳುಕುವ ಪರಿಗೆ ಅದು ಅಡ್ಡಿಯೇ ಅಲ್ಲ. ಉಗುರು ತಾಗಿದರೆ ಗಾಳಿಯೂ ಹೋಗುತ್ತದೆ. ಬಟ್ಟೆಯ ಮೆತ್ತನೆ ಕೋನ್ ಇದಕ್ಕಿಂತ ವಾಸಿ, ಮಲಗಲು ಹಿತ. ಆದರೆ ಹಟ ಮಾಡುವ ಬೆಕ್ಕು ಅದನ್ನು ಹಿಂದಕ್ಕೆ ಮಡಚಿಬಿಡುತ್ತದೆ, ನೀರು ಕುಡಿದಾಗಲೆಲ್ಲ ಅಂಚು ನೆನೆಯುತ್ತದೆ.

ಇನ್ನು ಅಂಗಿ. ಆನ್‌ಲೈನಿನಲ್ಲಿ ತರಿಸಿದ್ದು ಚೆನ್ನಾಗಿ ಹಿಗ್ಗುವ ಬಟ್ಟೆ, ಬಾಲದ ಹತ್ತಿರ ಟಿಚ್ ಬಟನ್. ಲಿಟ್ಟರ್ ಬಾಕ್ಸಿಗೆ ಹೋಗುವ ಹೊತ್ತಿಗೆ ಬಟನ್ ಬಿಚ್ಚಿ ಹಿಂಭಾಗವನ್ನು ಮೇಲಕ್ಕೆ ಸುತ್ತಿಡಬಹುದು. ಅಡಚಣೆ ಅಳತೆಯದು. ನಮ್ಮ ನಾಡ ಬೆಕ್ಕುಗಳು ತೆಳ್ಳಗೆ, ಉದ್ದ. ತೂಕ ನೋಡಿ ತರಿಸಿದ ಅಂಗಿ ಬೂದಿಯ ಎದೆಗೆ ದೊಗಲೆ, ಬೆನ್ನಿಗೆ ಗಿಡ್ಡ. ಕತ್ತಿನ ಬುಡದಿಂದ ಬಾಲದ ಬುಡದವರೆಗಿನ ಉದ್ದ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಇವೆರಡನ್ನು ಅಳೆದು ತರಿಸಿ. ತೂಕದ ಲೆಕ್ಕ ನಂಬಬೇಡಿ. ಜೊತೆಗೆ ಒಂದೇ ಅಂಗಿ ಸಾಲದು. ಮಲೆನಾಡಿನ ಮಳೆಗಾಲದಲ್ಲಿ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಇನ್ನು ಇದರದ್ದು! ಹಸಿ ಬಟ್ಟೆ ಗಾಯದ ಮೇಲೆ ಕೂತರೆ ಅಂಗಿ ಹಾಕಿದ್ದೇ ದಂಡ.

ಅದಕ್ಕೇ ಮನೆಯ ಅಂಗಿ ನನಗೆ ಇಷ್ಟ. ಹಳೇ ಹತ್ತಿ ಲೆಗ್ಗಿಂಗ್ಸಿನ ಕಾಲು ಅಥವಾ ಮಕ್ಕಳ ತುಂಬುತೋಳಿನ ಬನಿಯನ್ನಿನ ತೋಳು ತೆಗೆದುಕೊಳ್ಳಿ. ಬೆಕ್ಕಿನ ಉದ್ದಕ್ಕೆ ಕತ್ತರಿಸಿ. ಕಿರಿದಾದ ಕಡೆ ಕತ್ತಿಗೆ. ಕಾಲಿಗೆ ನಾಲ್ಕು ತೂತು. ತೂತು ಸಣ್ಣದಾಗಿಯೇ ಇರಲಿ, ಬಟ್ಟೆ ತಾನೇ ಹಿಗ್ಗುತ್ತದೆ. ಹಿಂಭಾಗದಲ್ಲಿ ಬಾಲದ ಕೆಳಗೆ ಅರ್ಧಚಂದ್ರದಂತೆ ಕತ್ತರಿಸಿದರೆ ಮಲ ಮೂತ್ರ ತಾಗುವುದಿಲ್ಲ. ಬೆನ್ನ ಮೇಲೆ ಎರಡು ಲಾಡಿ ಕಟ್ಟಿದರೆ ಜಾರುವುದಿಲ್ಲ. ಲಾಡಿಯ ತುದಿ ಉದ್ದ ಬಿಡಬೇಡಿ, ಬೆಕ್ಕು ದಾರ ನುಂಗಿದರೆ ಮತ್ತೊಂದು ಆಪರೇಷನ್. ಕತ್ತಿನ ಬಳಿ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಖರ್ಚಿಲ್ಲ, ಮೂರ್ನಾಲ್ಕು ಮಾಡಿಟ್ಟುಕೊಂಡರೆ ಕೊಳೆಯಾದ ಕೂಡಲೇ ಬದಲಾಯಿಸಬಹುದು. ಬೂದಿಯ ಪಕ್ಕೆ ಗಾಯಕ್ಕೆ ಇದು ಹೇಳಿ ಮಾಡಿಸಿದಂತಿತ್ತು. ಚುಕ್ಕಿಯ ಹೊಟ್ಟೆ ಗಾಯಕ್ಕೂ ಆಯಿತು, ಆದರೆ ಅಲ್ಲಿ ಕೆಳಭಾಗ ಮೂತ್ರದಿಂದ ನೆನೆಯದಂತೆ ಜಾಸ್ತಿ ಕಾವಲು ಬೇಕು.

ಅಂಗಿ ತೊಡಿಸಿದ ಕೂಡಲೇ ಬೆಕ್ಕು ಧೊಪ್ಪನೆ ಪಕ್ಕಕ್ಕೆ ಬೀಳಬಹುದು, ಹಿಮ್ಮುಖವಾಗಿ ನಡೆಯಬಹುದು. ಕಾಲು ಮುರಿಯಿತಾ ಅಂತ ನಮ್ಮ ಮನೆಯವರು ಗಾಬರಿಯಾದರು. ಏನೂ ಆಗಿರುವುದಿಲ್ಲ, ಮೈಮೇಲೆ ಬಟ್ಟೆ ಬಿಗಿದದ್ದು ಅದಕ್ಕೆ ಹೊಸದು. ಸಾಮಾನ್ಯವಾಗಿ ಒಂದು ದಿನದೊಳಗೆ ಸರಿಹೋಗುತ್ತದೆ. ಆ ಮೊದಲ ಹೊತ್ತಿನಲ್ಲಿ ಕಣ್ಣಿಟ್ಟಿರಿ. ಬಿಚ್ಚಿಕೊಳ್ಳಲು ಹೋಗಿ ಮುಂಗಾಲು ಕತ್ತಿನ ಕಡೆ ಸಿಕ್ಕಿಹಾಕಿಕೊಳ್ಳುವುದುಂಟು. ಅಂಗಿಯಲ್ಲೇ ಆಗಲಿ, ಕೋನಿನಲ್ಲೇ ಆಗಲಿ, ಹೊರಗಂತೂ ಬಿಡಲೇಬೇಡಿ.

ಅಂಗಿಯ ದೊಡ್ಡ ದೋಷ ಅಂದರೆ ಗಾಯ ಮುಚ್ಚಿಹೋಗುವುದು. ದಿನಕ್ಕೆ ಎರಡು ಸಲ ಎತ್ತಿ ನೋಡಲೇಬೇಕು. ಹಾಗೆ ಎತ್ತಿದಾಗ ಬೆಕ್ಕು ನೆಕ್ಕದಿರಲಿ ಅಂತ ಕೋನ್ ಹಾಕುತ್ತೇವೆ. ಅಂಗಿ ಬದಲಾಯಿಸುವಾಗಲೂ ಹಾಗೇ. ಊತ ಹೆಚ್ಚುತ್ತಿದ್ದರೆ, ಕೀವು ಅಥವಾ ವಾಸನೆ ಇದ್ದರೆ, ಹೊಲಿಗೆ ಬಿಟ್ಟಿದ್ದರೆ, ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರ ಹತ್ತಿರ ಓಡಿ. ಮನೆಮದ್ದು ಬೇಡ. ಡೆಟಾಲ್ ಬೆಕ್ಕಿಗೆ ವಿಷ. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕಿನ ಪ್ರಾಣವೇ ಹೋಗಬಹುದು.

ಕರಿಯನ ವಿಷಯಕ್ಕೆ ಬಂದರೆ, ಗಂಡು ಬೆಕ್ಕಿನ ಆಪರೇಷನ್ ಚಿಕ್ಕದು. ಗಾಯ ಬಾಲದ ಕೆಳಗೆ. ಅಂಗಿ ಅಲ್ಲಿಯವರೆಗೆ ಮುಚ್ಚಿದರೆ ಮೂತ್ರಕ್ಕೆ ನೆನೆಯುತ್ತದೆ, ಮುಚ್ಚದಿದ್ದರೆ ಪ್ರಯೋಜನವಿಲ್ಲ. ಹಾಗಾಗಿ ಅವನಿಗೆ ಕೋನೇ ಗತಿ. ಕಾಲು, ಬಾಲ, ಕಣ್ಣು, ಕಿವಿಯ ಗಾಯಗಳಿಗೂ ಅಷ್ಟೇ.