ಪ್ಲುಂಗೆಯ ಓಗಿನ್ಸ್ಕಿ ಬಂಗಲೆ: ಅರ್ಧ ದಿನ ಸಾಲದು

ಲಿಥುವೇನಿಯಾಗೆ ಹೋದವರು ಸಾಮಾನ್ಯವಾಗಿ ವಿಲ್ನಿಯಸ್, ಟ್ರಾಕಾಯ್ ಕೋಟೆ ನೋಡಿ ಹೊರಟುಬಿಡುತ್ತಾರೆ. ಒಂದು ದಿನ ಜಾಸ್ತಿ ಇದ್ದರೆ ಕ್ಲೈಪೆಡಾ ಕಡೆಯ ರೈಲು ಹತ್ತಿ ಪ್ಲುಂಗೆಯಲ್ಲಿ ಇಳಿಯಿರಿ. ನನಗೆ ಇಡೀ ಪ್ರವಾಸದಲ್ಲಿ ಮನಸ್ಸಿಗೆ ಹತ್ತಿರವಾದ ಜಾಗ ಇದೇ.

ಇಲ್ಲಿನ ಸಿರಿವಂತ ಕುಲೀನ ಮನೆತನದ ಮಿಕಲೋಯಸ್ ಓಗಿನ್ಸ್ಕಿ 1879ರಲ್ಲಿ ಕಟ್ಟಿಸಿದ ಬಂಗಲೆ ಇದು. ನಕ್ಷೆ ಕಾರ್ಲ್ ಲೊರೆಂಜ್ ಅವರದು, ಇಟಲಿಯ ರಿನೈಸಾನ್ಸ್ ಕಾಲದ ಮನೆಗಳ ಧಾಟಿ. ನೇರವಾಗಿ ಎದುರು ನಿಂತು ನೋಡಿ, ಎಡ ಬಲ ಎರಡೂ ಒಂದೇ ತೂಕ. 1994ರಿಂದ ಇಲ್ಲಿ ಜೆಮೈತಿಯಾ ಪ್ರಾಂತ್ಯದ ಕಲಾ ಮ್ಯೂಸಿಯಂ ಇದೆ. ಅಂದಿನ ಪೀಠೋಪಕರಣ ಜಾಸ್ತಿ ಉಳಿದಿಲ್ಲ. ಯುದ್ಧ, ಸರ್ಕಾರ ಬದಲಾವಣೆ ಎಲ್ಲ ಕಂಡ ಮನೆ ಅಲ್ವಾ? ಹಾಗಾಗಿ ರಾಜವೈಭವದ ಕೋಣೆಗಳನ್ನೇ ಹುಡುಕಿಕೊಂಡು ಹೋದರೆ ಸ್ವಲ್ಪ ನಿರಾಸೆ ಆಗಬಹುದು.

ಆದರೆ ನಾನು ಹೋಗಿದ್ದು ಸಂಗೀತಕ್ಕಾಗಿ. ಓಗಿನ್ಸ್ಕಿಯ ತಾತ ಪೊಲೊನೇಜ್‌ಗಳನ್ನು (ಪೋಲೆಂಡಿನ ನೃತ್ಯಸಂಗೀತ) ಬರೆದು ಹೆಸರಾದವರು, ಮೊಮ್ಮಗ ತನ್ನ ಎಸ್ಟೇಟಿನಲ್ಲೇ ಆರ್ಕೆಸ್ಟ್ರಾ ಶಾಲೆ ನಡೆಸಿದರು. 1889ರಲ್ಲಿ ಅಲ್ಲಿಗೆ ಒಬ್ಬ ಹುಡುಗ ಬಂದ, 1893ರವರೆಗೆ ಇದ್ದ, ಕೊಳಲು ನುಡಿಸಿದ. ಅವನೇ ಮುಂದೆ ಲಿಥುವೇನಿಯಾದ ಅತಿ ದೊಡ್ಡ ಚಿತ್ರಕಾರ, ಸಂಗೀತಗಾರ ಆದ ಚುರ್ಲ್ಯೋನಿಸ್. ವಾರ್ಸಾದಲ್ಲಿ ಓದಲು ಹಣ ಕೊಟ್ಟಿದ್ದೂ ಓಗಿನ್ಸ್ಕಿಯೇ. ಇದು ಗೊತ್ತಿದ್ದು ಆ ಅಂಗಳದಲ್ಲಿ ನಡೆದಾಗ ಸುಮ್ನೆ ಇರಲಾಗಲಿಲ್ಲ, ಮೊಬೈಲಿನಲ್ಲಿ ಅವನ ಒಂದು ಪಿಯಾನೋ ಕೃತಿ ಹಾಕಿಕೊಂಡು ಕೊಳದ ಬದಿಯಲ್ಲೇ ಕೂತೆ.

ಇನ್ನೊಂದು ವಿಷಯ: 1882ರಲ್ಲಿ ಇದೇ ಮನೆತನ ರಿಯೇತವಾಸ್, ಪ್ಲುಂಗೆ, ಕ್ರೆಟಿಂಗಾ ಊರುಗಳ ನಡುವೆ ಟೆಲಿಫೋನ್ ತಂತಿ ಎಳೆಸಿತ್ತು. ಲಿಥುವೇನಿಯಾದ ಮೊದಲ ಲೈನ್ ಅದು!

ಹೊರಡುವ ಮುಂಚೆ ಗಡಿಯಾರದ ಗೋಪುರ ನೋಡಲೇಬೇಕು. ಬಂಗಲೆಗಿಂತ ಹಳೆಯದು, 1846ರದ್ದು, ಇಟಲಿಯ ಫ್ಲಾರೆನ್ಸ್‌ನ ಹಳೇ ಅರಮನೆ ಪಲಾಟ್ಸೊ ವೆಕ್ಕಿಯೊ ನೋಡಿ ಕಟ್ಟಿದ್ದು. ಮೇಲ್ತುದಿ ಕೋಟೆಗೋಡೆಯಂತೆ ಹಲ್ಲು ಹಲ್ಲಾಗಿದೆ. ಈ ಗೋಪುರದ ಕಟ್ಟಡ ಆಗ ಚಳಿಯಿಂದ ಗಿಡ ಕಾಪಾಡುವ ಗಾಜಿನ ಮನೆ, ಈಗ ಊರಿನ ಲೈಬ್ರರಿ. ಪಾರ್ಕಿನಲ್ಲಿ ಗುಡುಗಿನ ದೇವರು ಪೆರ್ಕೂನಾಸ್ ಹೆಸರಿನ ಹಳೇ ಓಕ್ ಮರವಿದೆ. ಅದರ ತೊಗಟೆಯ ಸಂದಿಗಳಲ್ಲಿ ನನ್ನ ಬೆರಳು ಪೂರ್ತಿ ಹೋಯಿತು.

ಐದಕ್ಕೆ ನಾಲ್ಕೂವರೆ ಸ್ಟಾರ್. ಮೊದಲು ಮ್ಯೂಸಿಯಂ ನೋಡಿ, ಪಾರ್ಕಿಗೆ ಸಂಜೆ ಇಟ್ಟುಕೊಳ್ಳಿ, ವಾಪಸ್ ರೈಲಿನ ಟೈಮ್ ಮೊದಲೇ ನೋಡಿಕೊಂಡಿರಿ.